ನೋಡ್‌ಗೆ ಹೋದರೆ ಸರಿ, ಕ್ಲಸ್ಟರ್ ಹೆಸರಿಗೆ ಹೋದರೆ ಎರರ್: ರಿಮೋಟ್ ಮ್ಯಾನೇಜ್‌ಮೆಂಟ್ ದೋಷ ಹುಡುಕುವ ಬಗೆ

ಜೂನ್ ತಿಂಗಳ ಒಂದು ಸೋಮವಾರ. ಬದಿಯಡ್ಕದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ವಿಪಿಎನ್ ಹಾಕಿ, ಕಾಸರಗೋಡು ಪೇಟೆಯಲ್ಲಿರುವ ಸರ್ವರ್‌ಗಳು ಹೇಗಿವೆ ನೋಡೋಣ ಎಂದು ಸರ್ವರ್ ಮ್ಯಾನೇಜರ್‌ಗೆ ಹೋದರೆ ಕ್ಲಸ್ಟರ್ ಹೆಸರಿನ ಎದುರು ಕೆಂಪು. ಕ್ಲಸ್ಟರ್ ಎಂದರೆ ಒಂದೇ ಹೆಸರಿನಡಿ ಒಟ್ಟಿಗೆ ಕೆಲಸ ಮಾಡುವ ಸರ್ವರ್‌ಗಳ ಗುಂಪು, ಅದರೊಳಗಿನ ಒಂದೊಂದು ಸರ್ವರ್ ಒಂದೊಂದು ನೋಡ್. ಅದೇ ಪಟ್ಟಿಯಲ್ಲಿ ಎರಡು ನೋಡ್‌ಗಳೂ ಇದ್ದವು, ಎರಡೂ ಆನ್‌ಲೈನ್. ಶಾಖೆಯೊಂದಕ್ಕೆ ಫೋನ್ ಮಾಡಿ ಕೇಳಿದೆ. "ಇಲ್ಲಿ ಏನೂ ತೊಂದರೆ ಇಲ್ಲ, ಕೆಲಸ ನಡೀತಾ ಉಂಟು" ಎಂದರು. ಶುಕ್ರವಾರ ಸಂಜೆ ಎಲ್ಲ ಸರಿ ಇತ್ತು. ನಡುವೆ ಆದದ್ದು ಒಂದೇ: ಶನಿವಾರ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ, ಯುಪಿಎಸ್ ಕೂಡ ಬರಿದಾಗಿ, ಎರಡೂ ಸರ್ವರ್ ಆಫ್ ಆಗಿ ಮತ್ತೆ ಆನ್ ಆಗಿದ್ದವು.

ಇದು ಒಂದು ಸಹಕಾರಿ ಸಂಸ್ಥೆಯ ಸೆಟಪ್. ವಿಂಡೋಸ್ ಸರ್ವರ್ 2019, ಎರಡು ನೋಡ್‌ಗಳ ಫೇಲ್‌ಓವರ್ ಕ್ಲಸ್ಟರ್, ಸಾಕ್ಷಿಗೆ ಒಂದು ಫೈಲ್ ಶೇರ್. ಒಂದು ನೋಡ್ ಬಿದ್ದರೆ ಇನ್ನೊಂದು ಅದರ ಕೆಲಸ ಹೊತ್ತುಕೊಳ್ಳುತ್ತದೆ, ನಡುವಿನ ಸಂಪರ್ಕ ಕಡಿದರೆ ಯಾವುದು ಮುಂದುವರಿಯಬೇಕು ಎಂಬುದಕ್ಕೆ ಸಾಕ್ಷಿಯ ಮತವೂ ಸೇರುತ್ತದೆ. ದೊಡ್ಡದೇನಲ್ಲ. ಆದರೆ ಒಳನಾಡಿನ ಶಾಖೆಗಳೆಲ್ಲ ಇದರ ಮೇಲೆಯೇ ನಿಂತಿವೆ. ನಾನಿರುವ ಕಡೆಯಿಂದ ಸರ್ವರ್ ರೂಮಿಗೆ ಚೆರ್ಕಳ ದಾಟಿ ಹೋಗಬೇಕು. ಮಳೆಗಾಲದಲ್ಲಿ, ಹೈವೇ ಕೆಲಸವೂ ನಡೆಯುತ್ತಿದ್ದರೆ, ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ರಿಮೋಟ್ ಮ್ಯಾನೇಜ್‌ಮೆಂಟ್ ನಮ್ಮಂಥವರಿಗೆ ಸೌಕರ್ಯ ಅಲ್ಲ, ಕೆಲಸ ಮಾಡುವ ದಾರಿಯೇ ಅದು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಕನ್ನಡ ಮೀಡಿಯಂನಲ್ಲಿ ಓದಿ ಈ ಕೆಲಸಕ್ಕೆ ಬಂದವರು. ಕ್ಲಸ್ಟರ್ ಬಗ್ಗೆ ಅವರಿಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ.

ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಪವರ್‌ಶೆಲ್‌ನಲ್ಲಿ ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ.

ಫೋನ್ ಎತ್ತಿದ್ದು ಯಾರು?

ಲ್ಯಾಂಡ್‌ಲೈನ್ ಕಾಲ ನೆನಪಿದೆಯಾ? ಫೋನ್ ಮಾಡುತ್ತಿದ್ದದ್ದು ಮನೆಗೆ. ಎತ್ತುತ್ತಿದ್ದವರು ಆಗ ಮನೆಯಲ್ಲಿದ್ದವರು. ನಂಬರ್ ಒಂದೇ, ದನಿ ಬೇರೆ ಬೇರೆ. ಕ್ಲಸ್ಟರ್ ಹೆಸರೂ ಹಾಗೇ. ಅದು ಒಂದು ಯಂತ್ರದ ಹೆಸರಲ್ಲ. ಅದಕ್ಕೆ ತನ್ನದೇ ಐಪಿ ಉಂಟು, ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಸಂಸ್ಥೆಯ ಬಳಕೆದಾರರ, ಯಂತ್ರಗಳ ಅಕೌಂಟ್ ಇರುವ ಪಟ್ಟಿ) ತನ್ನದೇ ಕಂಪ್ಯೂಟರ್ ಅಕೌಂಟ್ ಉಂಟು, ಆದರೆ ಮೈ ಇಲ್ಲ. ಆ ಹೊತ್ತಿಗೆ ಯಾವ ನೋಡ್ ಅದನ್ನು ಹೊತ್ತಿದೆಯೋ ಆ ನೋಡ್ ಉತ್ತರ ಕೊಡುತ್ತದೆ. ಎರಡು ನೋಡ್‌ಗಳಲ್ಲಿ ಒಂದರ ಸೆಟ್ಟಿಂಗ್ ಮಾತ್ರ ಕೆಟ್ಟಿದ್ದರೆ, ಹೆಸರು ಇನ್ನೊಂದರ ಮೇಲೆ ಇರುವಷ್ಟು ದಿನ ನಿಮಗೆ ಸುಳಿವೇ ಸಿಗುವುದಿಲ್ಲ. ತಿಂಗಳುಗಟ್ಟಲೆ ಸಿಗದೇ ಇರಬಹುದು. ಒಂದು ರಾತ್ರಿ ಹೆಸರು ಆಚೆಗೆ ಹೋಗುತ್ತದೆ, ಬೆಳಗ್ಗೆ ಎರರ್.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ "ಫೈರ್‌ವಾಲ್ ಸರಿ ಇದೆಯಾ" ಅಲ್ಲ. "ಈಗ ಉತ್ತರ ಕೊಡುತ್ತಿರುವ ನೋಡ್ ಯಾವುದು" ಎಂಬುದು. ಗೆಟ್-ಕ್ಲಸ್ಟರ್‌ಗ್ರೂಪ್ ಎಂಬ ಕಮಾಂಡ್ ಕೊಡಿ. ಬರುವ ಪಟ್ಟಿಯಲ್ಲಿ "ಕ್ಲಸ್ಟರ್ ಗ್ರೂಪ್" ಎಂಬ ಸಾಲು ಇರುತ್ತದೆ, ಅದರ ಎದುರು ಓನರ್ ನೋಡ್ ಯಾವುದು ಎಂದು ಬರೆದಿರುತ್ತದೆ. ಅದೇ ಉತ್ತರ. ಕ್ಲಸ್ಟರ್‌ನ ಹೆಸರು, ಅದರ ಐಪಿ, ಸಾಕ್ಷಿ, ಈ ಮೂರೂ ಆ ಗ್ರೂಪಿನಲ್ಲಿರುತ್ತವೆ. ನಿಮ್ಮ ಫೈಲ್ ಸರ್ವರ್, ಡೇಟಾಬೇಸ್ ಎಲ್ಲ ಬೇರೆ ಗ್ರೂಪುಗಳಲ್ಲಿ ಇರುತ್ತವೆ, ಬೇರೆ ನೋಡ್‌ನಲ್ಲೂ ಇರಬಹುದು.

ನನ್ನ ಸೋಮವಾರ ಅಲ್ಲಿ ಕಂಡದ್ದು ನೋಡ್ ಎರಡು. ಶುಕ್ರವಾರದವರೆಗೂ ನೋಡ್ ಒಂದು ಇತ್ತು. ನಾವು ಇಡೀ ವರ್ಷ ಹೆಚ್ಚುಕಮ್ಮಿ ನೋಡ್ ಒಂದರ ಮೇಲೆಯೇ ಓಡಿಸಿದ್ದೆವು.

ಈ ಸುಳಿವು ಸಿಕ್ಕ ಕೂಡಲೇ ಒಂದು ಪರೀಕ್ಷೆ ಮಾಡಬಹುದು: ಮೂವ್-ಕ್ಲಸ್ಟರ್‌ಗ್ರೂಪ್ ಕಮಾಂಡ್‌ನಿಂದ "ಕ್ಲಸ್ಟರ್ ಗ್ರೂಪ್" ಅನ್ನು ಮಾತ್ರ ಇನ್ನೊಂದು ನೋಡ್‌ಗೆ ಕಳಿಸಿ, ಎರರ್ ಹೋಗುತ್ತದಾ ನೋಡಿ. ಡೇಟಾಬೇಸ್ ಗ್ರೂಪಿಗೆ ಇದರಿಂದ ಏನೂ ಆಗುವುದಿಲ್ಲ. ಆದರೂ ಗಿರಾಕಿಗಳು ಸಾಲು ನಿಂತ ಹೊತ್ತಲ್ಲಿ ಬೇಡ, ಸಂಜೆ ಮಾಡಿ. ಎರರ್ ಹೋಯಿತು ಎಂದರೆ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ), ಆ್ಯಕ್ಟಿವ್ ಡೈರೆಕ್ಟರಿ, ನಿಮ್ಮ ಲ್ಯಾಪ್‌ಟಾಪ್, ವಿಪಿಎನ್ ಇವು ಯಾವುದರ ಮೇಲೂ ಅನುಮಾನ ಬೇಡ. ದೋಷ ಆ ಒಂದು ನೋಡ್‌ನ ಒಳಗೆ ಉಂಟು. ಎರರ್ ಹೋಗಲಿಲ್ಲ, ಎರಡೂ ಕಡೆ ಒಂದೇ ಥರ ಬರುತ್ತಿದೆ ಎಂದಾದರೆ ದೋಷ ಹೆಸರಿನಲ್ಲೋ ದಾರಿಯಲ್ಲೋ ಉಂಟು. ಇಡೀ ಹುಡುಕಾಟ ಇಲ್ಲಿಗೇ ಅರ್ಧಕ್ಕೆ ಇಳಿಯುತ್ತದೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಈ ಪರೀಕ್ಷೆ ಬಿಟ್ಟು ನೇರ ಫೈರ್‌ವಾಲ್‌ಗೆ ಕೈಹಾಕುತ್ತಾರೆ, ಯಾಕೆಂದರೆ ಎರರ್ ಸಂದೇಶದಲ್ಲೇ ಫೈರ್‌ವಾಲ್ ಎಂಬ ಮಾತು ಇರುತ್ತದೆ. ಆ ಸಂದೇಶ ಒಂದು ಊಹೆ ಅಷ್ಟೇ. ಆಚೆ ಕಡೆಯಿಂದ ಉತ್ತರ ಬರಲಿಲ್ಲ ಎಂಬುದು ಮಾತ್ರ ಸರ್ವರ್ ಮ್ಯಾನೇಜರ್‌ಗೆ ಗೊತ್ತು.

ಯಾವ ಉಪಕರಣ ಕೆಟ್ಟಿದೆ, ಯಾವುದು ಓಡುತ್ತಿದೆ?

ಇನ್ನೊಂದು ಒಳ್ಳೆಯ ಸುಳಿವು ಇಲ್ಲಿ ಸಿಗುತ್ತದೆ. ರಿಮೋಟ್ ಮ್ಯಾನೇಜ್‌ಮೆಂಟ್ ಎಂದು ನಾವು ಒಂದೇ ಮಾತಲ್ಲಿ ಹೇಳಿದರೂ ಒಳಗೆ ದಾರಿಗಳು ಎರಡು. ಒಂದು ವಿನ್‌ಆರ್‌ಎಂ, ಅಂದರೆ ವಿಂಡೋಸ್ ರಿಮೋಟ್ ಮ್ಯಾನೇಜ್‌ಮೆಂಟ್ ಎಂಬ ಸರ್ವಿಸ್. ಅದು ಎಚ್‌ಟಿಟಿಪಿ ಮೇಲೆ ಓಡುತ್ತದೆ, ಪೋರ್ಟ್ 5985, ಎಚ್‌ಟಿಟಿಪಿಎಸ್ ಆದರೆ 5986. ಇನ್‌ವೋಕ್-ಕಮಾಂಡ್, ಎಂಟರ್-ಪಿಎಸ್‌ಸೆಷನ್, ವಿಂಡೋಸ್ ಅಡ್ಮಿನ್ ಸೆಂಟರ್, ಸರ್ವರ್ ಮ್ಯಾನೇಜರ್‌ನ ಬಹುಪಾಲು ಕೆಲಸ ಈ ದಾರಿಯಲ್ಲಿ. ಇನ್ನೊಂದು ಹಳೆಯ ಆರ್‌ಪಿಸಿ ಮತ್ತು ಡಿಕಾಮ್ ದಾರಿ, ಒಂದು ಯಂತ್ರದ ಪ್ರೋಗ್ರಾಂ ಇನ್ನೊಂದು ಯಂತ್ರದ ಪ್ರೋಗ್ರಾಂಗೆ ನೇರ ಕೆಲಸ ಹೇಳುವ ವಿಧಾನ. ಮೊದಲು ಪೋರ್ಟ್ 135 ತಟ್ಟುತ್ತದೆ, ಆಮೇಲೆ 49152ರಿಂದ 65535ರವರೆಗಿನ ಯಾವುದೋ ಒಂದು ಪೋರ್ಟಿಗೆ ಹೋಗುತ್ತದೆ. ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್ ಬಳಸುವುದು ಇದನ್ನು. ಗೆಟ್-ಕ್ಲಸ್ಟರ್ ಮಾದರಿಯ ಕಮಾಂಡ್‌ಗಳಿಗೆ ಕ್ಲಸ್ಟರ್ ಹೆಸರು ಕೊಟ್ಟು ದೂರದಿಂದ ಓಡಿಸಿದರೆ ಅವು ಹೋಗುವುದೂ ಆರ್‌ಪಿಸಿ ಮೇಲೆಯೇ.

ಅಂದರೆ ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್ ಚೆನ್ನಾಗಿ ತೆರೆಯುತ್ತದೆ, ಅಡ್ಮಿನ್ ಸೆಂಟರ್ ಮಾತ್ರ ಸೇರುತ್ತಿಲ್ಲ ಎಂದರೆ ವಿನ್‌ಆರ್‌ಎಂ ಕಡೆ ನೋಡಿ. ಅಡ್ಮಿನ್ ಸೆಂಟರ್ ಸರಿ, ಕ್ಲಸ್ಟರ್ ಮ್ಯಾನೇಜರ್ "ಆರ್‌ಪಿಸಿ ಸರ್ವರ್ ಸಿಗುತ್ತಿಲ್ಲ" ಎನ್ನುತ್ತಿದೆ ಎಂದರೆ ಆರ್‌ಪಿಸಿ ಕಡೆ. ನಡುವೆ ಬೇರೆ ರೂಟರೋ ಫೈರ್‌ವಾಲೋ ಇದ್ದರೆ, 135 ತೆರೆದು ಮೇಲಿನ ದೊಡ್ಡ ಪೋರ್ಟ್‌ಗಳನ್ನು ಮುಚ್ಚಿಟ್ಟಿರುವುದು ತೀರಾ ಸಾಮಾನ್ಯ. ಅದನ್ನೇ ಮೊದಲು ನೋಡಿ. ಎರಡೂ ಕೆಟ್ಟಿದ್ದರೆ ಮಾತ್ರ ಹೆಸರು, ಐಪಿ, ಲಾಗಿನ್ ಕಡೆ ತಿರುಗಿ. ನನಗೆ ಆ ದಿನ ಕ್ಲಸ್ಟರ್ ಮ್ಯಾನೇಜರ್ ತಕ್ಷಣ ತೆರೆಯಿತು. ಹಾಗಾಗಿ ಅನುಮಾನ ನೋಡ್ ಎರಡರ ವಿನ್‌ಆರ್‌ಎಂ ಮೇಲೆ ಮಾತ್ರ ಉಳಿಯಿತು.

ನೆಟ್‌ಸ್ಟ್ಯಾಟ್‌ನ ಆ ಒಂದು ಸಾಲು

ಮೊದಲು ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟೆ, ಕ್ಲಸ್ಟರ್ ಹೆಸರು, ಪೋರ್ಟ್ 5985. ಪಿಂಗ್ ಸರಿ, ಟಿಸಿಪಿ ಫಾಲ್ಸ್. ಅದೇ ಕಮಾಂಡ್ ನೋಡ್ ಎರಡರ ಸ್ವಂತ ಹೆಸರಿಗೆ ಕೊಟ್ಟೆ. ಟಿಸಿಪಿ ಟ್ರೂ. ಒಂದೇ ಯಂತ್ರ, ಒಂದೇ ನೆಟ್‌ವರ್ಕ್ ಕಾರ್ಡ್, ಒಂದೇ ಫೈರ್‌ವಾಲ್. ನೋಡ್ ಎರಡರ ಸ್ವಂತ ಐಪಿ 192.168.20.12 ಎಂದರೆ ಬಾಗಿಲು ತೆರೆಯುತ್ತದೆ, ಕ್ಲಸ್ಟರ್‌ನ ಐಪಿ 192.168.20.20 ಎಂದರೆ ಮುಚ್ಚಿದೆ. ಅಷ್ಟು ಹೊತ್ತಿಗೆ ಆಫೀಸಿನಲ್ಲಿದ್ದ ನನ್ನ ಮಲಯಾಳಿ ಸಹೋದ್ಯೋಗಿ ಫೈರ್‌ವಾಲನ್ನೇ ಐದು ನಿಮಿಷ ಆಫ್ ಮಾಡಿ ನೋಡಿದ್ದರು, ಏನೂ ಬದಲಾಗಿರಲಿಲ್ಲ. ಹಾಗೆ ಆಫ್ ಮಾಡುವುದು ಬೇಡ ಎಂದೇ ನನ್ನ ಅಭಿಪ್ರಾಯ. ಆದರೆ ಫೈರ್‌ವಾಲ್ ಕಾರಣ ಅಲ್ಲ ಎಂಬುದು ಅದರಿಂದ ಖಚಿತವಾಯಿತು.

ಆಮೇಲೆ ನೋಡ್ ಎರಡಕ್ಕೆ ಅದರ ಸ್ವಂತ ಹೆಸರಿನಿಂದಲೇ ಒಳಹೋಗಿ ನೆಟ್‌ಸ್ಟ್ಯಾಟ್ -ಎಎನ್ಒ ಕೊಟ್ಟು, 5985 ಇರುವ ಸಾಲು ಹುಡುಕಿದೆ. ನೋಡ್ ಒಂದರಲ್ಲಿ ಆ ಸಾಲು ಹೀಗಿತ್ತು: 0.0.0.0:5985, ಲಿಸನಿಂಗ್, ಪ್ರೋಸೆಸ್ ನಂಬರ್ 4. ನೋಡ್ ಎರಡರಲ್ಲಿ: 192.168.20.12:5985, ಲಿಸನಿಂಗ್, ಪ್ರೋಸೆಸ್ ನಂಬರ್ 4.

ನಾಲ್ಕು ಸೊನ್ನೆ ಎಂದರೆ "ಈ ಯಂತ್ರಕ್ಕೆ ಯಾವ ಐಪಿ ಬಂದರೂ ನಾನು ಕೇಳಿಸಿಕೊಳ್ಳುತ್ತೇನೆ" ಎಂದು ಅರ್ಥ. ಕ್ಲಸ್ಟರ್‌ನ 20 ಬಂದು ಕೂತರೆ ಅದಕ್ಕೂ ಉತ್ತರ. ನೋಡ್ ಎರಡು ಮಾತ್ರ ತನ್ನ 12ಕ್ಕೆ ಮಾತ್ರ ಕಿವಿ ಕೊಟ್ಟಿತ್ತು. ಯಾರೋ ಅದಕ್ಕೆ ಹಾಗೆ ಹೇಳಿದ್ದರು.

ಪ್ರೋಸೆಸ್ ನಂಬರ್ 4 ಎಂದರೆ ಸಿಸ್ಟಮ್. ಇದನ್ನು ನೋಡಿ ಗಾಬರಿಯಾಗಬೇಡಿ. ವಿನ್‌ಆರ್‌ಎಂ ತಾನೇ ನೇರವಾಗಿ ಪೋರ್ಟ್ ತೆರೆಯುವುದಿಲ್ಲ. ಕರ್ನಲ್‌ನಲ್ಲಿ ಎಚ್‌ಟಿಟಿಪಿ ಡಾಟ್ ಸಿಸ್ ಎಂಬ ಡ್ರೈವರ್ ಉಂಟು, ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್ ಬಳಸುವುದೂ ಅದನ್ನೇ, ವಿನ್‌ಆರ್‌ಎಂ ಬಳಸುವುದೂ ಅದನ್ನೇ. ಆ ಡ್ರೈವರ್‌ಗೆ ಒಂದು ಐಪಿ ಪಟ್ಟಿ ಇರುತ್ತದೆ. ಪಟ್ಟಿ ಖಾಲಿ ಇದ್ದರೆ ಎಲ್ಲ ಐಪಿಗೂ ಕಿವಿ ಕೊಡುತ್ತದೆ. ಪಟ್ಟಿಯಲ್ಲಿ ಒಂದೇ ಒಂದು ಐಪಿ ಹಾಕಿದರೂ ಸಾಕು, ಅದು ಬಿಟ್ಟು ಬೇರೆ ಯಾವುದನ್ನೂ ಕೇಳುವುದಿಲ್ಲ. ಯಂತ್ರದ ಒಳಗಿನ 127.0.0.1 ಕೂಡ ಬಿಟ್ಟುಹೋಗುತ್ತದೆ. ಅದಕ್ಕೇ ನೋಡ್ ಎರಡರ ಒಳಗೆ ಕೂತು ಲೋಕಲ್‌ಹೋಸ್ಟ್‌ಗೆ ಟೆಸ್ಟ್-ಡಬ್ಲ್ಯುಎಸ್‌ಮ್ಯಾನ್ ಕೊಟ್ಟರೂ ಎರರ್ ಬಂತು. ಇದು ಒಳ್ಳೆಯ ಗುರುತು: ಹೊರಗಿನಿಂದ ನೋಡ್ ಹೆಸರಿಗೆ ಸರಿ, ಒಳಗಿನಿಂದ ಲೋಕಲ್‌ಹೋಸ್ಟ್‌ಗೆ ಎರರ್ ಎಂದರೆ ಈ ಪಟ್ಟಿಯನ್ನೇ ಮೊದಲು ನೋಡಿ.

ನೋಡುವ ಕಮಾಂಡ್: ನೆಟ್‌ಶ್ ಎಚ್‌ಟಿಟಿಪಿ ಶೋ ಐಪಿಲಿಸನ್. ಅಲ್ಲಿ ಒಂದೇ ಸಾಲು ಇತ್ತು, 192.168.20.12. ವಿಚಾರಿಸಿದಾಗ ಗೊತ್ತಾಯಿತು, ಹಿಂದೊಮ್ಮೆ ಒಂದು ವೆಬ್ ಅಪ್ಲಿಕೇಶನ್ ಪರೀಕ್ಷೆಗೆಂದು ಆ ನೋಡ್‌ನಲ್ಲಿ ಐಐಎಸ್ ಹಾಕಿ, ಪೋರ್ಟ್ 80ರ ಜಗಳ ಬಿಡಿಸಲು ಯಾರೋ ಈ ಐಪಿಯನ್ನು ಸೇರಿಸಿದ್ದರು. ಅಪ್ಲಿಕೇಶನ್ ತೆಗೆದರು, ಈ ಸಾಲು ಉಳಿಯಿತು. ಕ್ಲಸ್ಟರ್ ಹೆಸರು ನೋಡ್ ಒಂದರಲ್ಲೇ ಇದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ. ಶಾಖೆಗಳ ಕೆಲಸ ನಿಲ್ಲಲಿಲ್ಲ ಯಾಕೆ ಎಂದರೆ ಡೇಟಾಬೇಸ್‌ಗೂ ಫೈಲ್ ಶೇರ್‌ಗೂ ಈ ಎಚ್‌ಟಿಟಿಪಿ ಡ್ರೈವರ್‌ನ ಹಂಗಿಲ್ಲ.

ಸರಿಮಾಡಲು ನೆಟ್‌ಶ್ ಎಚ್‌ಟಿಟಿಪಿ ಡಿಲೀಟ್ ಐಪಿಲಿಸನ್ ಎಂದು ಕೊಟ್ಟು ಆ ಐಪಿಯನ್ನು ತೆಗೆಯಬೇಕು. ಕ್ಲಸ್ಟರ್ ಐಪಿಯನ್ನೂ ಪಟ್ಟಿಗೆ ಸೇರಿಸಿದರೆ ಆಗುವುದಿಲ್ಲವಾ ಎಂದು ಕೇಳಬಹುದು. ಬೇಡ. ನಾಳೆ ಇನ್ನೊಂದು ರೋಲ್ (ಕ್ಲಸ್ಟರ್ ಓಡಿಸುವ ಸೇವೆ) ಬಂದರೆ ಇನ್ನೊಂದು ಐಪಿ ಬರುತ್ತದೆ, ಮತ್ತೆ ಇದೇ ಕಥೆ. ಕ್ಲಸ್ಟರ್ ನೋಡ್‌ನಲ್ಲಿ ಈ ಪಟ್ಟಿ ಖಾಲಿ ಇರಬೇಕು. ಪಟ್ಟಿ ತೆಗೆದ ಮೇಲೆ ಎಚ್‌ಟಿಟಿಪಿ ಸರ್ವಿಸ್ ಮತ್ತೆ ಶುರುವಾಗಬೇಕು. ಅದನ್ನು ನಿಲ್ಲಿಸಿದರೆ ಅದರ ಮೇಲೆ ನಿಂತ ವಿನ್‌ಆರ್‌ಎಂ ಮತ್ತಿತರ ಸರ್ವಿಸ್‌ಗಳೂ ನಿಲ್ಲುತ್ತವೆ, ದೂರದಿಂದ ಮಾಡುತ್ತಿದ್ದರೆ ನಿಮ್ಮ ಸೆಷನ್ನೂ ಕಡಿಯುತ್ತದೆ. ನಾನು ಮಾಡಿದ್ದು ಹೀಗೆ: ಸಂಜೆ ಶಾಖೆಗಳು ಮುಚ್ಚಿದ ಮೇಲೆ ಸಸ್ಪೆಂಡ್-ಕ್ಲಸ್ಟರ್‌ನೋಡ್ ಕಮಾಂಡ್‌ಗೆ ಡ್ರೇನ್ ಸೇರಿಸಿ ನೋಡ್ ಎರಡರ ಕೆಲಸವೆಲ್ಲ ಆಚೆ ಕಳಿಸಿದೆ, ಪಟ್ಟಿ ಖಾಲಿ ಮಾಡಿದೆ, ನೋಡ್ ಎರಡನ್ನು ರೀಸ್ಟಾರ್ಟ್ ಮಾಡಿದೆ, ರೆಸ್ಯೂಮ್-ಕ್ಲಸ್ಟರ್‌ನೋಡ್ ಕೊಟ್ಟೆ. ಮತ್ತೆ ನೆಟ್‌ಸ್ಟ್ಯಾಟ್. 0.0.0.0:5985. ಕ್ಲಸ್ಟರ್ ಗ್ರೂಪನ್ನು ನೋಡ್ ಎರಡಕ್ಕೆ ವಾಪಸ್ ಕಳಿಸಿ ಸರ್ವರ್ ಮ್ಯಾನೇಜರ್ ರಿಫ್ರೆಶ್ ಮಾಡಿದೆ, ಕೆಂಪು ಹೋಗಿತ್ತು.

ಇದರ ಅಣ್ಣತಮ್ಮಂದಿರು

ಒಂದು ನೋಡ್‌ನಲ್ಲಿ ಮಾತ್ರ ಕಾಣುವ ದೋಷ ಎಂದರೆ ಇದೊಂದೇ ಅಲ್ಲ. ತುಂಬಾ ಹತ್ತಿರದ್ದು ಗ್ರೂಪ್ ಪಾಲಿಸಿಯ (ಡೊಮೇನ್‌ನಿಂದ ಯಂತ್ರಗಳಿಗೆ ಹೋಗುವ ಸೆಟ್ಟಿಂಗ್‌ಗಳು) ಐಪಿವಿ4 ಫಿಲ್ಟರ್. ವಿನ್‌ಆರ್‌ಎಂ ಮೂಲಕ ರಿಮೋಟ್ ಮ್ಯಾನೇಜ್‌ಮೆಂಟ್‌ಗೆ ಅನುಮತಿ ಕೊಡುವ ಪಾಲಿಸಿಯಲ್ಲಿ ಈ ಪೆಟ್ಟಿಗೆ ಇರುತ್ತದೆ. ಅದನ್ನು ಓದಿದರೆ "ಯಾವ ಐಪಿಯಿಂದ ಬರುವವರನ್ನು ಬಿಡಬೇಕು" ಎಂದು ಕೇಳಿದಂತೆ ಅನ್ನಿಸುತ್ತದೆ. ಅರ್ಥ ಅದಲ್ಲ. ಸರ್ವರ್ ತನ್ನ ಯಾವ ಐಪಿಯಲ್ಲಿ ಕಿವಿ ಕೊಡಬೇಕು ಎಂಬುದು ಅದರ ಅರ್ಥ. ತಪ್ಪು ತಿಳಿದು ಅಲ್ಲಿ ತಮ್ಮ ಲ್ಯಾಪ್‌ಟಾಪ್‌ನ ಐಪಿ ಹಾಕಿದವರ ಸರ್ವರ್ ಯಾವ ಐಪಿಯಲ್ಲೂ ಕೇಳುವುದಿಲ್ಲ. ನೋಡ್‌ಗಳ ಐಪಿ ಮಾತ್ರ ಹಾಕಿದವರಿಗೆ ನನಗೆ ಬಂದ ದೋಷವೇ ಬರುತ್ತದೆ, ನೋಡ್ ಸರಿ, ಕ್ಲಸ್ಟರ್ ಇಲ್ಲ. ಖಾಲಿ ಬಿಟ್ಟರೂ ಕಿವಿ ಇಲ್ಲ. ಅಲ್ಲಿ ನಕ್ಷತ್ರದ ಗುರುತು ಇರಬೇಕು. ಯಾರನ್ನು ಬಿಡಬೇಕು ಎಂಬುದನ್ನು ಫೈರ್‌ವಾಲ್ ನಿಯಮದಲ್ಲಿ ಹೇಳಿ, ಅದಕ್ಕೆ ಸರಿಯಾದ ಜಾಗ ಅದೇ. ವಿನ್‌ಆರ್‌ಎಂ ಎನ್ಯುಮರೇಟ್ ಕಮಾಂಡ್‌ನಿಂದ ಲಿಸನರ್ ನೋಡಿದರೆ "ಲಿಸನಿಂಗ್ ಆನ್" ಎಂಬ ಸಾಲಿನಲ್ಲಿ ಐಪಿಗಳು ಕಾಣುತ್ತವೆ. ಲಿಸನರ್ ಪಾಲಿಸಿಯಿಂದ ಬಂದದ್ದಾದರೆ ಸೋರ್ಸ್ ಜಿಪಿಒ ಎಂದೂ ಬರೆದಿರುತ್ತದೆ.

ಎರಡನೆಯದು ಕರೆಂಟು ಹೋಗಿ ಬಂದ ಮೇಲೆ ನಮ್ಮ ಕಡೆ ಜಾಸ್ತಿ ಕಾಣುವುದು. ಇದನ್ನು ಗಮನ ಕೊಟ್ಟು ಓದಿ. ಎಲ್ಲ ಯಂತ್ರಗಳೂ ಒಟ್ಟಿಗೆ ಆನ್ ಆಗುತ್ತವೆ. ಲಾಗಿನ್‌ಗಳನ್ನು ಪರಿಶೀಲಿಸುವ ಡೊಮೇನ್ ಕಂಟ್ರೋಲರ್ ಏಳುವ ಮೊದಲೇ ಒಂದು ನೋಡ್ ಎದ್ದು ಬಿಟ್ಟರೆ ಅದಕ್ಕೆ ಡೊಮೇನ್ ಕಾಣುವುದಿಲ್ಲ, "ಇದು ಯಾವುದೋ ಗೊತ್ತಿಲ್ಲದ ನೆಟ್‌ವರ್ಕ್" ಎಂದು ತಿಳಿದು ಫೈರ್‌ವಾಲ್‌ನಲ್ಲಿ ಪಬ್ಲಿಕ್ ಪ್ರೊಫೈಲ್ ಹಾಕಿಕೊಳ್ಳುತ್ತದೆ. ಪಬ್ಲಿಕ್ ಪ್ರೊಫೈಲ್‌ನಲ್ಲಿ ವಿನ್‌ಆರ್‌ಎಂ ನಿಯಮ ತನ್ನ ಸಬ್‌ನೆಟ್‌ನವರನ್ನು ಮಾತ್ರ ಬಿಡುತ್ತದೆ. ಹಾಗಾಗಿ ಆಫೀಸಿನಲ್ಲಿ ಅದೇ ಸ್ವಿಚ್‌ನಲ್ಲಿ ಕೂತವರಿಗೆ ಎಲ್ಲ ಸರಿ, ವಿಪಿಎನ್‌ನಿಂದ ಬರುವ ನಮಗೆ ಮಾತ್ರ ಬಾಗಿಲು ಮುಚ್ಚಿದೆ. "ನಿಮ್ಮ ಇಂಟರ್ನೆಟ್ ಸರಿ ಇಲ್ಲ" ಎಂದು ಅವರು, "ಸರ್ವರ್ ಸರಿ ಇಲ್ಲ" ಎಂದು ನಾವು. ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್ ಕೊಟ್ಟು ನೋಡಿ, ಡೊಮೇನ್ ಆಥೆಂಟಿಕೇಟೆಡ್ ಎಂದು ಇರಬೇಕು. ಪಬ್ಲಿಕ್ ಎಂದಿದ್ದರೆ ನೋಡ್‌ನ ಕೆಲಸವನ್ನು ಆಚೆ ಕಳಿಸಿ, ಡೊಮೇನ್ ಕಂಟ್ರೋಲರ್ ಎದ್ದಿದೆ ಎಂದು ಖಚಿತ ಮಾಡಿಕೊಂಡು, ಆ ನೋಡ್ ಅನ್ನು ರೀಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಕಾರ್ಡ್ ಡಿಸೇಬಲ್ ಮಾಡಿ ಎನೇಬಲ್ ಮಾಡುವ ಅಭ್ಯಾಸ ಕೆಲವರಿಗಿದೆ, ಓಡುತ್ತಿರುವ ಕ್ಲಸ್ಟರ್ ನೋಡ್‌ನಲ್ಲಿ ದಯವಿಟ್ಟು ಅದು ಬೇಡ. ನೋಡ್‌ಗಳ ನಡುವಿನ ಹಾರ್ಟ್‌ಬೀಟ್ ಯುಡಿಪಿ 3343ರ ಮೇಲೆ ಹೋಗುತ್ತದೆ. ಅದು ಕೆಲವು ಸೆಕೆಂಡ್ ತಪ್ಪಿದರೂ ನೋಡ್ ಅನ್ನು ಕ್ಲಸ್ಟರ್ ಹೊರಗೆ ಹಾಕಿಬಿಡಬಹುದು, ಇವೆಂಟ್ 1135 ಬರುತ್ತದೆ, ರೋಲ್‌ಗಳು ಓಡಾಡಲು ಶುರುಮಾಡುತ್ತವೆ.

ಮೂರನೆಯದು ಕ್ಲಸ್ಟರ್‌ನ ಡಬ್ಲ್ಯುಎಂಐ, ಅಂದರೆ ಯಂತ್ರದ ಸ್ಥಿತಿಯನ್ನು ಉಪಕರಣಗಳಿಗೆ ತಿಳಿಸುವ ವಿಂಡೋಸ್‌ನ ಭಾಗ. "ಇನ್‌ವ್ಯಾಲಿಡ್ ನೇಮ್‌ಸ್ಪೇಸ್" ಎಂದು ಎರರ್ ಬಂದರೆ ಆ ನೋಡ್‌ನಲ್ಲಿ ರೂಟ್ ಅಡಿಯ ಎಂಎಸ್‌ಕ್ಲಸ್ಟರ್ ಎಂಬ ನೇಮ್‌ಸ್ಪೇಸ್ ಅಳಿಸಿಹೋಗಿದೆ ಎಂದು ತಿಳಿಯಿರಿ. ಸಿಸ್ಟಮ್32ರ ಒಳಗಿನ ಡಬ್ಲ್ಯುಬಿಇಎಂ ಫೋಲ್ಡರ್‌ಗೆ ಹೋಗಿ, ಅಡ್ಮಿನ್ ಆಗಿ ಮಾಫ್‌ಕಾಂಪ್ ಕಮಾಂಡ್‌ಗೆ ಕ್ಲಸ್‌ಡಬ್ಲ್ಯುಎಂಐ ಡಾಟ್ ಮಾಫ್ ಫೈಲ್ ಕೊಟ್ಟರೆ ಅದು ಮತ್ತೆ ಹುಟ್ಟುತ್ತದೆ. ಡಬ್ಲ್ಯುಎಂಐ ರೆಪಾಸಿಟರಿಯನ್ನೇ ಅಳಿಸಿ ಹೊಸದಾಗಿ ಕಟ್ಟುವ ಸಲಹೆ ಸಿಕ್ಕರೆ ಕೇಳಬೇಡಿ, ಈ ನೇಮ್‌ಸ್ಪೇಸ್ ಕಳೆದುಹೋಗಲು ಅಂಥ ಕೆಲಸವೂ ಒಂದು ಕಾರಣ.

ಎರಡೂ ನೋಡ್‌ನಲ್ಲಿ ಒಂದೇ ಎರರ್ ಬಂದರೆ

ಆಗ ಹೆಸರಿನ ಕಡೆ ನೋಡಬೇಕು. ರಿಸಾಲ್ವ್-ಡಿಎನ್‌ಎಸ್‌ನೇಮ್ ಕೊಟ್ಟು ಕ್ಲಸ್ಟರ್ ಹೆಸರಿಗೆ ಯಾವ ಐಪಿ ಬರುತ್ತದೆ ನೋಡಿ, ಕ್ಲಸ್ಟರ್ ಮ್ಯಾನೇಜರ್‌ನಲ್ಲಿರುವ ಐಪಿಗೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಸಿಸ್ಟಮ್ ಲಾಗ್‌ನಲ್ಲಿ ಇವೆಂಟ್ 1196 ಹುಡುಕಿ, ಡಿಎನ್‌ಎಸ್‌ನಲ್ಲಿ ಹೆಸರು ನೋಂದಾಯಿಸಲು ಆಗಲಿಲ್ಲ ಎಂಬ ದೂರು ಅದು. ಸಾಮಾನ್ಯವಾಗಿ ಯಾರೋ ಕೈಯಿಂದ ಹಾಕಿದ ಹಳೆಯ ರೆಕಾರ್ಡ್ ಮೇಲೆ ಕ್ಲಸ್ಟರ್ ಅಕೌಂಟಿಗೆ ಅಧಿಕಾರ ಇರುವುದಿಲ್ಲ. ಐಪಿ ಬದಲಿಸಿದ ಕೂಡಲೇ ನೋಡಿದರೆ ಹಳೆಯದೇ ಬರಬಹುದು, ಕ್ಲಸ್ಟರ್ ಹೆಸರಿನ ಡಿಎನ್‌ಎಸ್ ರೆಕಾರ್ಡ್‌ಗೆ ಡೀಫಾಲ್ಟ್ ಆಯುಸ್ಸು 1200 ಸೆಕೆಂಡ್, ಅಂದರೆ 20 ನಿಮಿಷ.

ಇವೆಂಟ್ 1207 ಕಂಡರೆ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಕ್ಲಸ್ಟರ್‌ನ ಕಂಪ್ಯೂಟರ್ ಅಕೌಂಟ್‌ಗೆ ಏನೋ ಆಗಿದೆ. ನನಗೆ ಇದು ಬೇಸರ ತರುವ ದೋಷ, ಯಾಕೆಂದರೆ ಒಳ್ಳೆಯ ಉದ್ದೇಶದಿಂದ ಆಗುತ್ತದೆ. ವರ್ಷಕ್ಕೊಮ್ಮೆ ಯಾರೋ ಬಳಕೆಯಲ್ಲಿಲ್ಲದ ಅಕೌಂಟ್‌ಗಳನ್ನು ಗುಡಿಸಲು ಹೊರಡುತ್ತಾರೆ, ಕ್ಲಸ್ಟರ್ ಹೆಸರಿನ ಯಂತ್ರ ಎಲ್ಲೂ ಕಾಣುವುದಿಲ್ಲ, "ಇದು ಹಳೆಯದು" ಎಂದು ಡಿಸೇಬಲ್ ಮಾಡುತ್ತಾರೆ, ಇಲ್ಲವೇ ಅಳಿಸುತ್ತಾರೆ. ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ, ಕ್ಲಸ್ಟರ್ ಮ್ಯಾನೇಜರ್‌ನಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ರಿಪೇರ್ ಕೊಡಿ. ಅಳಿಸಿದ್ದರೆ ಆ್ಯಕ್ಟಿವ್ ಡೈರೆಕ್ಟರಿಯ ರೀಸೈಕಲ್ ಬಿನ್‌ನಿಂದ ವಾಪಸ್ ತರಬೇಕು. ಅದೇ ಹೆಸರಿನಲ್ಲಿ ಹೊಸ ಅಕೌಂಟ್ ಮಾಡಿದರೆ ಅದು ಹಳೆಯದಾಗುವುದಿಲ್ಲ. ಸರಿಯಾದ ಮೇಲೆ ಆ ಅಕೌಂಟಿನ ಡಿಸ್ಕ್ರಿಪ್ಷನ್‌ನಲ್ಲಿ "ಕ್ಲಸ್ಟರ್ ಹೆಸರು, ಅಳಿಸಬೇಡಿ" ಎಂದು ಬರೆಯಿರಿ, ಆಕಸ್ಮಿಕ ಅಳಿಸುವಿಕೆ ತಡೆಯುವ ಟಿಕ್ ಹಾಕಿ.

ಡೊಮೇನ್‌ನಲ್ಲಿ ಟಿಕೆಟ್ ಕೊಟ್ಟು ಗುರುತು ಖಚಿತಪಡಿಸುವ ವಿಧಾನಕ್ಕೆ ಕೆರ್ಬರೋಸ್ ಎಂದು ಹೆಸರು. ಕೆರ್ಬರೋಸ್ ಎರರ್ ಬಂದರೆ ಮೊದಲು ಗಡಿಯಾರ ನೋಡಿ. 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟಿಕೆಟ್ ಸಿಗುವುದಿಲ್ಲ. ಕರೆಂಟು ಹೋಗಿ ಬಂದಾಗ ಮದರ್‌ಬೋರ್ಡಿನ ಸೆಲ್ ಸತ್ತ ಹಳೆಯ ಸರ್ವರ್‌ಗಳಲ್ಲಿ ಇದು ಮಾಮೂಲಿ. ಗಡಿಯಾರ ಸರಿ ಇದ್ದೂ 80090322 ಎಂಬ ಎರರ್ ಬಂದರೆ ಆ ಹೆಸರಿಗೆ ಎಚ್‌ಟಿಟಿಪಿ ಎಸ್‌ಪಿಎನ್ (ಸರ್ವಿಸ್ ಯಾವ ಅಕೌಂಟಿನದು ಎಂಬ ನೋಂದಣಿ) ಅನ್ನು ಬೇರೆ ಯಾವುದೋ ಸರ್ವಿಸ್ ಅಕೌಂಟ್ ತನ್ನದು ಮಾಡಿಕೊಂಡಿರಬಹುದು. ಸೆಟ್‌ಎಸ್‌ಪಿಎನ್ -ಕ್ಯೂ ಕೊಟ್ಟರೆ ಯಾರ ಹತ್ತಿರ ಉಂಟು ಎಂದು ತಿಳಿಯುತ್ತದೆ.

ಪರೀಕ್ಷೆ ಮಾಡುವಾಗ ಹೆಸರಿನ ಬದಲು ಐಪಿ ಹೊಡೆಯುವ ಅಭ್ಯಾಸ ಇದ್ದರೆ ಬಿಡಿ. ಪೋರ್ಟ್ ತೆರೆದಿದೆಯಾ ಎಂದು ನೋಡಲು ಐಪಿ ಆದೀತು. ಲಾಗಿನ್ ನೋಡಲು ಆಗದು. ಐಪಿ ಕೊಟ್ಟರೆ ವಿನ್‌ಆರ್‌ಎಂ ಕೆರ್ಬರೋಸ್ ಬಿಟ್ಟು ಬೇರೆ ದಾರಿಗೆ ಹೋಗುತ್ತದೆ, ಟ್ರಸ್ಟೆಡ್ ಹೋಸ್ಟ್ಸ್ ಎಂದು ಹೊಸ ಎರರ್ ತೋರಿಸುತ್ತದೆ, ನೀವು ಇಲ್ಲದ ದೋಷದ ಹಿಂದೆ ಹೋಗುತ್ತೀರಿ. ಟೆಸ್ಟ್-ಡಬ್ಲ್ಯುಎಸ್‌ಮ್ಯಾನ್ ಕೂಡ ಸುಮ್ನೆ ಹೆಸರು ಮಾತ್ರ ಕೊಟ್ಟರೆ ಲಾಗಿನ್ ಪರೀಕ್ಷಿಸುವುದಿಲ್ಲ. ಉತ್ತರದಲ್ಲಿ ಓಎಸ್ 0.0.0 ಎಂದು ಬಂದರೆ ಬಾಗಿಲು ತಟ್ಟಿದ್ದು ಕೇಳಿಸಿದೆ ಎಂದಷ್ಟೇ ಅರ್ಥ. ಆಥೆಂಟಿಕೇಶನ್ ಕೆರ್ಬರೋಸ್ ಎಂದು ಸೇರಿಸಿ ಕೊಡಿ. ಆಗ ನಿಜವಾದ ಆವೃತ್ತಿ ಬರಬೇಕು, 2019ಕ್ಕಾದರೆ 10.0.17763.

ಇನ್ನು ಬೇಗ ಹೇಳಿ ಮುಗಿಸಬಹುದಾದ ಕೆಲವು. ಆಫೀಸಿನಲ್ಲಿ ಪ್ರಾಕ್ಸಿ ಇದ್ದರೆ ನೆಟ್‌ಶ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ ನೋಡಿ, ವಿನ್‌ಆರ್‌ಎಂ ಆ ಸೆಟ್ಟಿಂಗನ್ನೇ ಪಾಲಿಸುತ್ತದೆ, ಒಳಗಿನ ಹೆಸರುಗಳನ್ನು ಬೈಪಾಸ್ ಪಟ್ಟಿಯಲ್ಲಿ ಹಾಕದಿದ್ದರೆ ಪಕ್ಕದ ಕೋಣೆಯ ಸರ್ವರ್‌ಗೂ ಪ್ರಾಕ್ಸಿ ಮೂಲಕ ಹೋಗಲು ನೋಡುತ್ತದೆ. ನಿಮ್ಮ ಮ್ಯಾನೇಜ್‌ಮೆಂಟ್ ಯಂತ್ರ ತುಂಬಾ ಹಳೆಯದಾಗಿ ಅಪ್‌ಡೇಟ್ ಆಗದೆ ಇದ್ದರೆ ಡಿಕಾಮ್ ದಾರಿ ಮುಚ್ಚಿರಬಹುದು. ಮೈಕ್ರೋಸಾಫ್ಟ್ ಡಿಕಾಮ್ ಭದ್ರತೆಯನ್ನು 2022ರ ಜೂನ್‌ನಲ್ಲಿ ಬಿಗಿಮಾಡಿ, 2023ರ ಮಾರ್ಚ್ 14ರ ಅಪ್‌ಡೇಟ್‌ನಿಂದ ಅದನ್ನು ಆಫ್ ಮಾಡುವ ಅವಕಾಶವನ್ನೂ ತೆಗೆಯಿತು. ಸರ್ವರ್‌ನ ಸಿಸ್ಟಮ್ ಲಾಗ್‌ನಲ್ಲಿ ಇವೆಂಟ್ 10036 ಕಂಡರೆ ಇದೇ ಕಾರಣ, ಸರ್ವರ್ ಮುಟ್ಟಬೇಡಿ, ನಿಮ್ಮ ಯಂತ್ರ ಅಪ್‌ಡೇಟ್ ಮಾಡಿ. "ಡೇಟಾ ರಿಟ್ರೀವಲ್ ಫೇಲ್ಯೂರ್ಸ್" ಎಂದು ಬಂದರೆ, ಅದರಲ್ಲೂ ಫೇಲ್‌ಓವರ್ ಆದ ದಿನ ಇವೆಂಟ್‌ಗಳು ರಾಶಿ ಬಿದ್ದಿದ್ದರೆ, ವಿನ್‌ಆರ್‌ಎಂನ ಮ್ಯಾಕ್ಸ್ ಎನ್ವಲಪ್ ಸೈಜ್ ನೋಡಿ. ಡೀಫಾಲ್ಟ್ 500 ಕೆಬಿ. 8192ಕ್ಕೆ ಏರಿಸಿದರೆ ಬಹಳ ಸಲ ಸರಿಹೋಗುತ್ತದೆ.

ಒಂದು ನೋಡ್‌ಗೆ ಎಂಟರ್-ಪಿಎಸ್‌ಸೆಷನ್ ಮಾಡಿ ಅಲ್ಲಿಂದ ಇನ್ನೊಂದು ಸರ್ವರ್ ತಟ್ಟಿದರೆ "ಆ್ಯಕ್ಸೆಸ್ ಡಿನೈಡ್" ಬರುವುದು ಕ್ಲಸ್ಟರ್ ದೋಷ ಅಲ್ಲ. ನಿಮ್ಮ ಗುರುತು ಮೊದಲ ಸರ್ವರ್‌ವರೆಗೆ ಮಾತ್ರ ಹೋಗಿದೆ, ಅಲ್ಲಿಂದ ಮುಂದಕ್ಕೆ ದಾಟುವುದಿಲ್ಲ. ಕ್ಲಸ್ಟರ್ ಕಮಾಂಡ್‌ಗಳನ್ನು ಸೆಷನ್ ಒಳಗಿನಿಂದ ಓಡಿಸದೆ ನಿಮ್ಮ ಯಂತ್ರದಿಂದಲೇ ಕ್ಲಸ್ಟರ್ ಹೆಸರು ಕೊಟ್ಟು ಓಡಿಸಿ, ಅರ್ಧ ತೊಂದರೆ ಅಲ್ಲಿಗೇ ಹೋಗುತ್ತದೆ.

ಆ ಸೋಮವಾರದ ಮರುದಿನ ನಾವು ಒಂದು ಕೆಲಸ ಮಾಡಿದೆವು. ಸರ್ವರ್ ರ‍್ಯಾಕ್ ಪಕ್ಕದ ರಿಜಿಸ್ಟರ್‌ನಲ್ಲಿ ನೋಡ್‌ಗೆ ಒಂದು ಪುಟ ಇಟ್ಟೆವು. ನೆಟ್‌ಸ್ಟ್ಯಾಟ್‌ನ 5985ರ ಸಾಲು, ಐಪಿಲಿಸನ್ ಪಟ್ಟಿ ಖಾಲಿಯಾ, ನೆಟ್‌ವರ್ಕ್ ಪ್ರೊಫೈಲ್ ಯಾವುದು, ಗಡಿಯಾರ ಎಷ್ಟು. ಎಡಕ್ಕೆ ಕನ್ನಡದಲ್ಲಿ ನಾನು ಬರೆದೆ, ಬಲಕ್ಕೆ ಮಲಯಾಳದಲ್ಲಿ ಅವರು. ತಿಂಗಳ ಮೊದಲ ಶನಿವಾರ ಸಂಜೆ ಕ್ಲಸ್ಟರ್ ಗ್ರೂಪನ್ನು ಬೇಕೆಂದೇ ಆಚೆ ನೋಡ್‌ಗೆ ಕಳಿಸಿ, ಕ್ಲಸ್ಟರ್ ಹೆಸರಿಗೆ ಒಮ್ಮೆ ಕೆರ್ಬರೋಸ್ ಸೇರಿಸಿ ಟೆಸ್ಟ್-ಡಬ್ಲ್ಯುಎಸ್‌ಮ್ಯಾನ್ ಕೊಡುತ್ತೇವೆ. ಹತ್ತು ನಿಮಿಷದ ಕೆಲಸ. ಮುಂದಿನ ತಿಂಗಳವರೆಗೆ ಗ್ರೂಪ್ ಅಲ್ಲೇ ಇರುತ್ತದೆ.